ಅತ್ತೆಯ ಕಲ್ಲಿನೊಳಗಿನ ಮೂವರು

೧೯೪೯ರ ಜೂನ್ ೨೬, ಭಾನುವಾರ, ಬೆಳಿಗ್ಗೆ ಎಂಟೂವರೆ. ಅಂದು ಮಣ್ಣೆತ್ತಿನ ಅಮಾವಾಸ್ಯೆ. ಕಮಲಾಪುರದ ಸೋದರತ್ತೆಯ ಅಂಗಳದಲ್ಲಿ ಕೂತು ಎರೆಮಣ್ಣಿನಿಂದ ಐದು ಎತ್ತು ಮಾಡಿ ಮುಗಿಸಿದ್ದೆ. ಹಿಂದಿನ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ ಕಲಬುರಗಿಯ ನಮ್ಮ ಶಾಲೆ ಮುಚ್ಚಿದಾಗ ಅಪ್ಪ ನನ್ನನ್ನು ಅತ್ತೆಯ ಬಳಿ ಬಿಟ್ಟಿದ್ದರು. ಶಾಲೆ ತೆರೆದ ಮೇಲೂ ಹಬ್ಬಕ್ಕೆ ಹೋಗುವುದು ರೂಢಿಯಾಯಿತು. ಕಂಡದ್ದನ್ನೆಲ್ಲ ಎಣಿಸಿ ದಿನಚರಿಯಲ್ಲಿ ಬರೆಯುವ ಚಟವೂ ಆಗಲೇ ಹತ್ತಿದ್ದು.

ಎತ್ತುಗಳ ಮುಂದಿಡುವ ಮೇವಿನ ಗೋದಲಿಗೆ ಮಣ್ಣು ಲಟ್ಟಿಸಬೇಕಿತ್ತು. ಲಟ್ಟಣಿಗೆ ಸಿಗಲಿಲ್ಲ. ಜಗಲಿಯ ಮೇಲಿದ್ದ ಅತ್ತೆಯ ಉರುಟು ಕಲ್ಲನ್ನು ತೆಗೆದುಕೊಂಡೆ.

ಅದು ಬೆರಳಿನ ಎರಡು ಗೆಣ್ಣಿನಷ್ಟುದ್ದದ, ಉರುಳೆಯಾಕಾರದ ಕರಿಕಲ್ಲು. ಮೊದಲ ಮಹಾಯುದ್ಧದಲ್ಲಿ ಇರಾಕಿನ ಬಸ್ರಾಕ್ಕೆ ಕೂಲಿಯಾಗಿ ಹೋದ ಮಾವ, ಅತ್ತೆಯ ಗಂಡ, ಮರಳಲಿಲ್ಲ. ಅವರ ಟ್ರಂಕು ಬಂತು, ಅದರೊಳಗೆ ಈ ಕಲ್ಲು. ಅತ್ತೆ ಅದನ್ನು ಲಿಂಗವೆಂದೇ ನಂಬಿ ದಿನಾ ವಿಭೂತಿ, ಸೋಮವಾರಕ್ಕೊಮ್ಮೆ ಎಣ್ಣೆ ಹಚ್ಚುತ್ತಿದ್ದರು. ತಾನು ಸತ್ತಾಗ ಕೊರಳಿನ ಲಿಂಗದ ಜೊತೆ ಇದನ್ನೂ ಮಣ್ಣಿಗಿಡಬೇಕೆಂದು ಎಲ್ಲರಿಂದ ಮಾತು ತೆಗೆದುಕೊಂಡಿದ್ದರು.

ಗೀರುಗಳಲ್ಲಿ ತುಂಬಿದ್ದ ಜಿಡ್ಡು ತೊಳೆದು ಉರುಳಿಸಿದೆ. ಹಸಿಮಣ್ಣಿನಲ್ಲಿ ಸಾಲಾಗಿ ಗೊಂಬೆಗಳು ಎದ್ದವು.

"ಅತ್ತಿ, ನಿನ್ನ ಲಿಂಗದಾಗ ಮಂದಿ ಅದಾರ."

"ಎಷ್ಟ ಮಂದಿ, ಲೆಕ್ಕದಾಕಿ?" ಎಂದು ನಗುತ್ತಲೇ ಬಂದವರು ಮಣ್ಣಿನ ಮೇಲೆ ಬಗ್ಗಿದರು.

ಎಣಿಸಿ ಬರೆದೆ: ಕುಳಿತವನು ಒಬ್ಬ, ನಿಂತವರು ಇಬ್ಬರು, ಅರ್ಧಚಂದ್ರ ಒಂದು, ಎಂಟು ಮೂಲೆಯ ನಕ್ಷತ್ರ ಒಂದು, ನಡುವೆ ಉಬ್ಬಿದ ಕೋಲು ಒಂದು.

ಅತ್ತೆ ಕರೆಸಿದ ಮಠದ ಅಯ್ಯನವರು ನೋಡಿ, "ಇದು ಲಿಂಗ ಅಲ್ಲ ಯವ್ವಾ. ಬ್ಯಾರೆ ದೇವರ ಗೊಂಬಿ. ನಿನ್ನ ಜೋಡಿ ಇಡಾಕ ಬರೂದಿಲ್ಲ" ಅಂದರು. ಅತ್ತೆ ಅಂದು ಹೋಳಿಗೆ ಮುಟ್ಟಲಿಲ್ಲ.

ಜುಲೈ ೩ರಂದು ಇಬ್ಬರೂ ಗೊಂಬೆ ಮೂಡಿ ಒಣಗಿದ ಮಣ್ಣಿನ ಪಟ್ಟಿ, ಕಲ್ಲು ಎರಡನ್ನೂ ಹಿಡಿದು ಕಲಬುರಗಿಗೆ, ಸ್ಟೇಶನ್ ಬಜಾರದ ಹಿಂದಿದ್ದ ನಿವೃತ್ತ ಚರಿತ್ರೆ ಮಾಸ್ತರರ ಮನೆಗೆ ಹೋದೆವು. ಅವರು ಭೂತಗನ್ನಡಿ ತಂದರು. ಇದು ಪ್ರಾಚೀನ ಇರಾಕಿನ ಮುದ್ರೆ, ಒಡೆಯನ ಸಹಿಯಂತೆ ಹಸಿಮಣ್ಣಿನ ಮೇಲೆ ಉರುಳಿಸುತ್ತಿದ್ದರು ಎಂದರು. ಅರ್ಧಚಂದ್ರ ಸಿನ್ ಎಂಬ ಚಂದ್ರದೇವನ ಗುರುತು, ನಕ್ಷತ್ರ ಇಷ್ಟಾರ್ ದೇವಿಯದು.

"ಟೊಪ್ಪಿಗಿಗೆ ಕೋಡು ಅದಾವ ನೋಡ್ರಿ. ಅಲ್ಲಿ ಕೋಡಿದ್ದವರು ದೇವರು."

"ಹಂಗಾರ ನಮ್ಮ ಎತ್ತು ಸೈತ ದೇವರೇ ಆದ್ವಲ್ಲರಿ," ಅಂದರು ಅತ್ತೆ. ಆಮೇಲೆ ಬೆರಳಿಟ್ಟು, "ಕೋಡಿಲ್ಲದಾವ ಇವನೊಬ್ಬನ. ಇವ ಯಾರ್ರಿ?"

"ಕಲ್ಲಿನ ಒಡೆಯ ಇರಬೇಕು. ಈ ಸಣ್ಣ ದೇವಿ ಅವನ ಕೈ ಹಿಡಕೊಂಡು ದೊಡ್ಡ ದೇವರ ಮುಂದ ಕರಕೊಂಡು ಹೊಂಟಾಳ."

ಅತ್ತೆ ಬಹಳ ಹೊತ್ತು ಆ ಹಿಡಿದ ಕೈಯನ್ನೇ ನೋಡಿದರು. ಮರಳಿದ ಮೇಲೆ ಅಯ್ಯನವರಿಗೆ, "ಪರದೇಶದಾಗ ಅವರ ಕೈ ಯಾರ ಹಿಡಿದ್ರು ಅಂತ ಮೂವತ್ತು ವರ್ಷ ಕೇಳೀನ್ರಿ. ಕಲ್ಲು ನನ್ನ ಜೋಡಿನ ಬರ್ತದ," ಅಂದರು. ಅಯ್ಯನವರು, ಹಾಗಾದರೆ ಲಿಂಗ ಎಡಗೈಯಲ್ಲಿರಲಿ, ಕಲ್ಲು ಸೆರಗಿನ ಗಂಟಿನಲ್ಲಿರಲಿ ಎಂದರು.

೧೯೫೨ರ ಮಾರ್ಚಿನಲ್ಲಿ ಆ ಗಂಟು ಕಟ್ಟಿದವಳು ನಾನೇ. ನನ್ನ ಬಳಿ ಉಳಿದದ್ದು ಮಣ್ಣಿನ ಪಟ್ಟಿ, ಎರಡು ಬಿರುಕು ಬಿಟ್ಟಿದೆ. ನಡುವೆ ಉಬ್ಬಿದ ಆ ಕೋಲು ಏನೆಂದು ಮಾಸ್ತರರಿಗೂ ತಿಳಿದಿರಲಿಲ್ಲ. ಅತ್ತೆ ಕೊನೆಯವರೆಗೂ ಕೇಳುತ್ತಿದ್ದರು. ಬಲ್ಲವರು ಯಾರಾದರೂ ಇದ್ದರೆ ಎರಡು ಸಾಲು ಬರೆದು ತಿಳಿಸಬೇಕು.