ಹವಾಲ್ದಾರರ ಕಾಂಗೋ ಮುಖವಾಡ

೧೯೭೪ರಲ್ಲಿ ನಾನು ಸರ್ಕಾರಿ ವಸ್ತುಸಂಗ್ರಹಾಲಯವೊಂದರಲ್ಲಿ ಸಹಾಯಕ ಕ್ಯುರೇಟರ್ ಆಗಿದ್ದೆ. ಹಳೆಯ ವಸ್ತು ಯಾವ ನಾಡಿನದು ಎಂದು ಗುರುತಿಸುವುದು ನನ್ನ ಕೆಲಸ. ಒಂದು ದಿನ ರಾಮದುರ್ಗದ ತಹಶೀಲ್ದಾರರಿಂದ ಪತ್ರ ಬಂತು. ತೊರಗಲ್ ಬಳಿಯ ಹಳ್ಳಿಯಲ್ಲಿ ಒಂದು ಮುಖವಾಡದ ತಕರಾರಿದೆ, ಬಂದು ನೋಡಬೇಕು ಎಂದಿದ್ದರು. ಜೊತೆಗೊಂದು ಫೋಟೊ ಇತ್ತು.

ಮುಖವಾಡ ನಿವೃತ್ತ ಹವಾಲ್ದಾರ ಫಕೀರಪ್ಪನವರದು. ಶಾಂತಿಪಡೆಯೊಂದಿಗೆ ಕಾಂಗೋಗೆ ಹೋದಾಗ ಅಲ್ಲಿಯ ಕೆತ್ತನೆಗಾರನೊಬ್ಬ ಕೊಟ್ಟದ್ದು ಎನ್ನುತ್ತಿದ್ದರು. ಮಗಳ ಮದುವೆಗೆಂದು ಸುಣ್ಣ ಬಳಿಯುವಾಗ ಟ್ರಂಕು ಹೊರಗಿಟ್ಟಾಗ, ಒಳಗಿದ್ದ ಮುಖವಾಡ ಊರವರ ಕಣ್ಣಿಗೆ ಬಿತ್ತು. ಅದರ ತುಂಬ ಕವಡೆ. ಸವದತ್ತಿ ಸೀಮೆಯಲ್ಲಿ ಕವಡೆ ಕಂಡರೆ ಯಲ್ಲಮ್ಮನೇ ನೆನಪಾಗುವುದು. ದೇವಿಯ ಮುಖ ಕದ್ದಿದ್ದಾನೆ ಎಂಬ ಮಾತು ಯರಗಟ್ಟಿಯ ಬೀಗರಿಗೂ ಮುಟ್ಟಿ, ಅವರು ಮದುವೆ ತಡೆದರು.

ಫೋಟೊ ಹಿಡಿದು ಪುಸ್ತಕಗಳನ್ನು ಹುಡುಕಿದೆ. ಉಬ್ಬಿದ ಹಣೆ, ಅದಕ್ಕೆ ತಾಮ್ರದ ಪಟ್ಟಿ: ಅದು ಕಾಂಗೋದ ಕುಬಾ ರಾಜ್ಯದ ಬೂಮ್. ಅಲ್ಲಿ ಅರಮನೆಯ ಮುಖವಾಡಗಳು ಮುಖ್ಯವಾಗಿ ಮೂರು. ಒಂದು ರಾಜನದು, ಒಂದು ರಾಣಿಯದು. ಮೂರನೆಯದಾದ ಬೂಮ್, ರಾಜನಿಗೆ ಎದುರು ನಿಂತು ಕುಣಿಯುವ ಸಾಮಾನ್ಯ ಮನುಷ್ಯ. ಕವಡೆ ಅಲ್ಲಿ ಸಿರಿತನದ ಗುರುತು.

ನಾನು ಹಳ್ಳಿಗೆ ಹೋದಾಗ ಚಾವಡಿಯಲ್ಲಿ ಊರೇ ನೆರೆದಿತ್ತು. ಬೀಗರೂ ಬಂದಿದ್ದರು. ನಾನು ಇಷ್ಟನ್ನೂ ಹೇಳಿದೆ. ಊರ ಯಲ್ಲಮ್ಮನ ಗುಡಿಯ ಪೂಜಾರಿ ಒಪ್ಪಲಿಲ್ಲ.

"ಕಣ್ಣಿಗೆ ತೂತಾ ಇಲ್ರೀ ಸಾಹೇಬ್ರ. ಮನಷ್ಯಾ ಇದನ್ನ ಹಾಕ್ಕೊಂಡು ಹ್ಯಾಂಗ ಕುಣೀತಾನ? ಇದು ಪೂಜಿ ಮಾಡೂ ಮುಖಾನ."

ಉತ್ತರ ನನ್ನ ಪುಸ್ತಕದಲ್ಲಿತ್ತು. ಆದರೂ ಹೇಳದೆ ಹವಾಲ್ದಾರರತ್ತ ತಿರುಗಿ, "ನೀವೇ ಹೇಳ್ರಿ" ಎಂದೆ. ಕಾಂಗೋದಲ್ಲಿ ಅದರ ಕುಣಿತ ಕಂಡವರಿಗೆ ಉತ್ತರ ಗೊತ್ತಿರಲೇಬೇಕು; ಅವರು ಸುಳ್ಳಾಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಮೂಗಿನ ಹೊಳ್ಳ್ಯಾಗಿಂದ ನೋಡ್ತಾರ್ರಿ. ಅಲ್ಲೆ ಕಣ್ಣಾರೆ ಕಂಡೇನಿ" ಎಂದವರೇ ಮುಖವಾಡ ಏರಿಸಿಕೊಂಡರು. ಕುಳಿತವರ ನಡುವೆ ಯಾರನ್ನೂ ತಾಕದೆ ನೇರ ಬೀಗರ ಮುಂದೆ ಹೋಗಿ ನಿಂತರು.

"ಬೀಗ್ರ, ನಿಮ್ಮ ಅಂಗಿ ಎರಡನೇ ಗುಂಡಿ ಹರದೈತಿ ನೋಡ್ರಿ!"

ಬೀಗರು ಎದೆ ಮುಟ್ಟಿ ನೋಡಿಕೊಂಡರು. ಚಾವಡಿಯೆಲ್ಲ ನಗು. ನಾನು ತಂದಿದ್ದ ಪುಸ್ತಕ ತೆರೆದು, ಕುಣಿಯುವವನು ಮೂಗಿನ ಹೊಳ್ಳೆಯಿಂದ ನೋಡುತ್ತಾನೆ ಎಂಬ ಸಾಲನ್ನು ಓದಿದೆ. ಪೂಜಾರಿ ಮುಖವಾಡವನ್ನು ಹಾಕಿಕೊಂಡು ನೋಡಿ, ತೆಗೆದು, "ತಪ್ಪು ನಮ್ಮದಾತ್ರಿ ಹವಾಲ್ದಾರ್ರ" ಎಂದು ಕೈಮುಗಿದರು. ಫಕೀರಪ್ಪ ಆ ಕೈಗಳನ್ನು ಹಿಡಿದುಕೊಂಡು ಚಿಕ್ಕ ಮಕ್ಕಳಂತೆ ಅತ್ತರು.

ಮದುವೆ ನಿಶ್ಚಯಿಸಿದ ದಿನವೇ ನಡೆಯಿತು. ನಾನೂ ಹೋಗಿದ್ದೆ. ಬೀಗರೇ ಒತ್ತಾಯ ಮಾಡಿ ಹಂದರದಲ್ಲಿ ಬೂಮ್‌ನನ್ನು ಕುಣಿಸಿದರು.

ಅಂದಿನಿಂದ ಯಾವ ವಸ್ತು ಬಂದರೂ ಭೂತಗನ್ನಡಿಗೆ ಕೈ ಹಾಕುವ ಮೊದಲು, ತಂದವರನ್ನು ಕುರ್ಚಿಯಲ್ಲಿ ಕೂರಿಸಿ ಅವರ ಮಾತು ಕೇಳುತ್ತಿದ್ದೆ. ನಿವೃತ್ತನಾಗುವವರೆಗೂ ಅದನ್ನು ತಪ್ಪಿಸಲಿಲ್ಲ.