ಎರವಲು ತಂದ ಹಿತ್ತಾಳೆ

ನಮ್ಮ ಅವ್ವನಿಗೆ ಒಂದು ಹುಚ್ಚಿತ್ತು. ಹೊಟ್ಟೆಗಿಲ್ಲದಿದ್ದರೂ ಚಿಂತೆಯಿಲ್ಲ, ಬಂದವರ ಕಣ್ಣಿಗೆ ಮನೆ ತುಂಬಿ ಕಾಣಬೇಕು. ಅದು ಅವಳೊಬ್ಬಳ ಹುಚ್ಚೂ ಅಲ್ಲ. ಗೋಕಾಕದ ನಮ್ಮ ಓಣಿಯಲ್ಲಿ ಕನ್ಯೆ ನೋಡಲು ಬೀಗರು ಬಂದರೆ ಒಬ್ಬರ ಜಮಖಾನೆ, ಇನ್ನೊಬ್ಬರ ಹಂಡೆ, ಮತ್ತೊಬ್ಬರ ಕಪ್ಪು-ಬಸಿ ಎಲ್ಲ ಒಂದೇ ಮನೆಯಲ್ಲಿ ಬಂದು ಕೂಡುತ್ತಿದ್ದವು. ಬಂದ ಬೀಗರಿಗೂ ಅದು ಗೊತ್ತಿರುತ್ತಿತ್ತು. ಅವರ ಮನೆಯಲ್ಲೂ ನಡೆಯುತ್ತಿದ್ದದ್ದು ಅದೇ ತಾನೆ.

ಇದು ನಮ್ಮ ಸೀಮೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರ ಮಾತು. ನನಗಾಗ ಹನ್ನೊಂದು ವರ್ಷ. ಅಪ್ಪ ಬೆಲ್ಲದ ಅಡತಿ ಅಂಗಡಿಯಲ್ಲಿ ಹಮಾಲಿ ಮಾಡುತ್ತಿದ್ದ. ನಾವಿದ್ದದ್ದು ಐದು ಬಾಡಿಗೆ ಖೋಲಿಗಳ ಒಂದು ಸಾಲಿನಲ್ಲಿ. ಅದರ ಮಾಲಕರು ಮೂಡಲಗಿಯ ವ್ಯಾಪಾರಸ್ಥರು. ಯುಗಾದಿ ಆದ ಕೂಡಲೇ ಖೋಲಿ ಕೆಡವಿ ಗೋದಾಮು ಕಟ್ಟುತ್ತೇವೆ, ಅಷ್ಟರೊಳಗೆ ಬೇರೆ ನೋಡಿಕೊಳ್ಳಿ ಎಂದು ಹೇಳಿ ಹೋಗಿದ್ದರು. ಅಪ್ಪ ಊರೆಲ್ಲ ಸುತ್ತಿದ. ಹಮಾಲನ ಕೈಗೆಟುಕುವ ಖೋಲಿ ಒಂದೂ ಸಿಗಲಿಲ್ಲ. ಉಳಿದದ್ದು ಒಂದೇ ದಾರಿ, ಸರ್ಕಾರ ಬಡವರಿಗೆಂದು ಊರ ಹೊರಗೆ ಕಟ್ಟಿಸಿದ್ದ ಹಂಚಿನ ಮನೆಗಳು. ಅವುಗಳ ಬಾಡಿಗೆ ತೀರ ಕಡಿಮೆ. ಅಪ್ಪ ಅರ್ಜಿ ಕೊಟ್ಟ. ಅರ್ಜಿ ಕೊಟ್ಟವರು ಹೇಗಿದ್ದಾರೆಂದು ನೋಡಲು ಸಾಹೇಬರೇ ಮನೆಮನೆಗೆ ಬರುತ್ತಾರೆಂದು ಸುದ್ದಿಯಾಯಿತು.

ಸಾಹೇಬರು ಬರುತ್ತಾರೆಂದರೆ ಅವ್ವನಿಗೆ ಬೀಗರು ಬಂದಂತೆಯೇ. ಪಕ್ಕದ ಖೋಲಿಯಲ್ಲಿ ಒಬ್ಬ ವಿಧವೆ ಇದ್ದಳು. ನಾನು ಅವಳಿಗೆ ಕಾಕು ಎನ್ನುತ್ತಿದ್ದೆ. ಹಪ್ಪಳ, ಶ್ಯಾವಿಗೆ ಮಾಡಿಕೊಟ್ಟು ಎರಡು ಮಕ್ಕಳನ್ನು ಸಾಕುತ್ತಿದ್ದಳು. ತವರಿನವರು ಮದುವೆಯಲ್ಲಿ ಕೊಟ್ಟ ಹಿತ್ತಾಳೆ ಕೊಡಗಳು, ಗಂಗಾಳಗಳು, ಒಂದು ತಾಮ್ರದ ಹಂಡೆ, ಇಷ್ಟೇ ಅವಳ ಆಸ್ತಿ. ಅವಳೂ ಸರ್ಕಾರದ ಮನೆಗೆ ಅರ್ಜಿ ಕೊಟ್ಟವಳೇ. ಆದರೂ ಅವ್ವ ಕೇಳಿದ ಕೂಡಲೇ, "ಒಯ್ಯವಾ, ಅದಕ್ಕೇನ" ಎಂದು ಎಲ್ಲ ಎತ್ತಿಕೊಟ್ಟಳು. ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕಿ ಗೋಡೆಯುದ್ದಕ್ಕೂ ಜೋಡಿಸಿದಳು. ನಮ್ಮ ಕತ್ತಲ ಖೋಲಿಗೆ ಕಳೆ ಬಂತು. ನನಗೂ ಹಿಗ್ಗೇ ಆಯಿತು, ಸುಳ್ಳು ಯಾಕೆ ಹೇಳಲಿ.

ಸಾಹೇಬರು ಮೈಸೂರು ಕಡೆಯವರು. ಜೊತೆಗೊಬ್ಬ ಕಾರಕೂನ. ಮೊದಲು ಸಾಲಿನ ತುದಿಯಲ್ಲಿದ್ದ ದರ್ಜಿಯ ಖೋಲಿಗೆ ಹೋದರು. ಹೊರಗೆ ಬರುತ್ತ ಕಾರಕೂನನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

"ಹೊಲಿಗೆ ಯಂತ್ರ ಇದೆ. ಇವರ ಹೆಸರು ತೆಗೆದುಬಿಡಿ."

ನಮ್ಮ ಗೋಡೆಯುದ್ದಕ್ಕೂ ಹೊಳೆಯುತ್ತಿದ್ದ ಹಿತ್ತಾಳೆ ನೆನಪಾಯಿತು. ಒಳಗೋಡಿ ಅವ್ವನಿಗೆ ಹೇಳಿದೆ. ಅವ್ವ ಕೊಡಗಳ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು. ಬಚ್ಚಿಡಲು ಜಾಗವೆಲ್ಲಿದೆ ಆ ಖೋಲಿಯಲ್ಲಿ? ಅಷ್ಟರಲ್ಲಿ ಸಾಹೇಬರು ಹೊಸ್ತಿಲು ದಾಟಿ ಬಂದೇಬಿಟ್ಟರು.

"ಬರ್ರಿ ಸಾಹೇಬ್ರ, ಕುಂಡರ್ರಿ," ಎಂದಳು ಅವ್ವ. ಅವರು ಕೂಡಲಿಲ್ಲ. ಹಂಡೆಯನ್ನು ಬೆರಳಿನಿಂದ ಒಮ್ಮೆ ಬಡಿದು ನೋಡಿದರು.

"ಇದೆಲ್ಲ ನಿಮ್ಮದೇನಮ್ಮ?"

ನಮ್ಮ ಕಡೆಯವರು ಯಾರೂ ಆ ಪ್ರಶ್ನೆ ಕೇಳುತ್ತಿರಲಿಲ್ಲ. ನಾನು ಅಲ್ಲ ಎನ್ನಲು ಬಾಯಿ ತೆರೆದೆ. ಅವ್ವ ಹಿಂದಿನಿಂದ ನನ್ನ ರಟ್ಟೆ ಚಿವುಟಿದಳು. ಆಗ ನನಗೂ ಹೊಳೆಯಿತು. ಅಲ್ಲವೆಂದರೆ ಮತ್ತೆ ಯಾರವು ಎಂದು ಕೇಳುತ್ತಾರೆ. ಕಾಕು ನಮ್ಮ ಬಾಗಿಲಲ್ಲೇ ನಿಂತಿದ್ದಳು. ಮುಂದಿನ ಖೋಲಿ ಅವಳದೇ. ಅವಳ ಕಡೆ ಕೈ ಮಾಡಿದರೆ ನಮ್ಮ ಹೆಸರು ಉಳಿಯುತ್ತದೆ, ಅವಳದು ಹೋಗುತ್ತದೆ. ಕಾರಕೂನ ಪೆನ್ನಿನ ಟೊಪ್ಪಿಗೆ ತೆಗೆದು ಕಾಯುತ್ತಿದ್ದ.

"ಹೌದ್ರಿ, ನಮ್ಮವ," ಎಂದಳು ಅವ್ವ.

ಪೆನ್ನು ಓಡಿತು. ಕಾಕುವಿನ ಖೋಲಿಯಲ್ಲಿ ಅವರಿಗೆ ಕಂಡದ್ದು ಎರಡು ಮಣ್ಣಿನ ಗಡಿಗೆ, ಒಂದು ಹರಕು ಚಾಪೆ.

ಪಟ್ಟಿ ಬಂದಾಗ ಕಾಕುವಿನ ಹೆಸರಿತ್ತು, ನಮ್ಮದಿರಲಿಲ್ಲ. "ನಿನ್ನ ಡೌಲು ನಮ್ಮನ್ನ ಬೀದಿಗೆ ತಂತು," ಎಂದು ಅಪ್ಪ ಬಾಯಿಗೆ ಬಂದಂತೆ ಬೈದ. ಅವ್ವ ತಲೆ ತಗ್ಗಿಸಿ ಕೇಳಿಸಿಕೊಂಡಳು. ನಾನೇನು ಸುಮ್ಮನಿರುವವಳೇ?

"ಖರೇ ಹೇಳಿದ್ರ ಏನಾಗ್ತಿತ್ತು?" ಎಂದು ಜಗಳ ತೆಗೆದೆ.

"ಕೇಳಿದ ಕೂಡ್ಲೆ ಕೊಟ್ಟಾಕಿ ಅಕಿ. ಅಕಿನ್ನ ಹೆಂಗ ಹಿಡದ ಕೊಡ್ಲಿ?" ಎಂದಳು ಅವ್ವ.

"ನಮಗೆಲ್ಲೈತಿ ಮನಿ?" ಎಂದೆ. ಅವ್ವ ಎದ್ದು ಒಲೆಯ ಕಡೆ ಹೋದಳು. ಒಳ್ಳೆಯತನದ ಮೇಲೆ ನನಗೆ ಅಂದು ಹುಟ್ಟಿದ ಸಿಟ್ಟು ಪೂರಾ ಇಳಿದಿದೆಯೆಂದು ಇಂದಿಗೂ ಹೇಳಲಾರೆ.

ಯುಗಾದಿ ಹತ್ತಿರ ಬಂತು. ಹುಕ್ಕೇರಿಯ ಸೋದರಮಾವ ತನ್ನ ದನದ ಕೊಟ್ಟಿಗೆಯಲ್ಲಿ ಅರ್ಧ ನಮಗೆ ಬಿಟ್ಟುಕೊಡಲು ಒಪ್ಪಿದ್ದ. ಎತ್ತಿನ ಗಾಡಿಗೆ ಸಾಮಾನು ಹೇರುತ್ತಿದ್ದಾಗ ಕಾಕು ಹೊಸ ಮನೆಯಿಂದ ನಡೆದುಕೊಂಡು ಬಂದಳು. ಅವ್ವನ ಉಡಿಗೆ ಶ್ಯಾವಿಗೆ ಸುರಿದಳು. ಇಬ್ಬರೂ ಅತ್ತರು. ನನಗೆ ಅಳು ಬರಲಿಲ್ಲ. ಅವ್ವ ಉಳಿದ ಗಂಟು ತರಲು ಒಳಗೆ ಹೋದಾಗ ಕಾಕು ಗಾಡಿಯ ಹತ್ತಿರ ನನ್ನ ಬಾಜೂಕ್ಕೆ ಬಂದು ನಿಂತಳು.

"ಅವತ್ತ ನೀ ಹೇಳಾಕ ಬಾಯಿ ತೆರೆದಿದ್ದಿ. ನಾ ನೋಡೀನಿ," ಎಂದಳು.

"ಅವ್ವ ಚೂಟಿದ್ಲರಿ," ಎಂದೆ, ಅವಳ ಮುಖ ನೋಡದೆ.

ಕಾಕು ಗಾಡಿಯ ಹಗ್ಗ ಎಳೆದು ಬಿಗಿ ಮಾಡಿದಳು.

"ನಿನ್ನ ನಿಮ್ಮವ್ವ ಚೂಟಿದ್ಲು, ತಂಗಿ. ನಾನೂ ಅಲ್ಲೇ ಬಾಗಲದಾಗ ನಿಂತಿದ್ನಲ್ಲ. ನನ್ನ ಯಾರೂ ಚೂಟಿದ್ದಿಲ್ಲ."