ಅರಮನೆ ತೋಟದಲ್ಲಿ ತಲೆಕೆಳಗಾದ ಕೂರಿಗೆ

ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಆದವನು ನಾನು. ಯಾರೂ ಕೇಳದಿದ್ದರೂ ಇದನ್ನು ಹೇಳುವ ಚಟ ನನಗಿದೆ. ನಮ್ಮೂರು ಹತ್ತಿಮತ್ತೂರಿನ ಹೊಲದಲ್ಲಿ ಕಳೆ ಕಿತ್ತು, ಸಂಬಂಧಿಕರ ಪಡಸಾಲೆಯಲ್ಲಿ ಮಲಗಿ, ಇದ್ದೊಂದು ಪ್ಯಾಂಟನ್ನು ಒಗೆದು ಹಸಿಯಾಗಿಯೇ ತೊಟ್ಟು ಪಡೆದ ಡಿಗ್ರಿ ಅದು. ಹೇಳಿಕೊಳ್ಳದೆ ಏನು ಮಾಡಲಿ?

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನ ತಂಗಿ ಎಸ್ಸೆಸ್ಸೆಲ್ಸಿ ಪಾಸಾದಳು. ಹಾವೇರಿಯ ಕಾಲೇಜಿಗೆ ಹೋಗುತ್ತೇನೆ ಅಂದಳು. ಅಪ್ಪ ಒಪ್ಪಲಿಲ್ಲ. ಒಬ್ಬನನ್ನು ಓದಿಸಿದ್ದರ ಫಲ ಕಣ್ಣೆದುರೇ ಇದೆಯಲ್ಲ, ನೌಕರಿ ಸಿಕ್ಕಿಲ್ಲ, ಕುಂಟೆ ಹೊಡೆದರೆ ಸಾಲು ಸೊಟ್ಟ ಎಂಬುದು ಅವನ ವಾದ. ಅರ್ಜಿ ಕೊಡಲು ಉಳಿದದ್ದು ಒಂದೇ ವಾರ.

ಅದೇ ಹೊತ್ತಿಗೆ ಸವಣೂರಿನಲ್ಲಿ, ನವಾಬರ ಹಳೆಯ ಅರಮನೆಯ ಅಂಗಳದಲ್ಲಿ, ಹೊಸ ಕಾಲದ ಚಿತ್ರ-ಶಿಲ್ಪಗಳ ಪ್ರದರ್ಶನ ಏರ್ಪಾಟಾಗಿತ್ತು. ಓದಿದವನಿಗೆ ಏನೇನು ತಿಳಿಯುತ್ತದೆ ಎಂದು ಅಪ್ಪನಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು ಎಂದುಕೊಂಡು, ಅಪ್ಪ, ತಂಗಿ ಇಬ್ಬರನ್ನೂ ಬಸ್ಸು ಹತ್ತಿಸಿದೆ. ಬಿತ್ತನೆ ಮುಗಿದಿದ್ದರಿಂದ ಅಪ್ಪನಿಗೂ ಬಿಡುವಿತ್ತು.

ಅಪ್ಪ ಅರಮನೆಯ ಬಾಗಿಲಲ್ಲೇ ಚಪ್ಪಲಿ ಕಳಚಿಟ್ಟ. ಇಲ್ಲಿ ಹಾಗೇನಿಲ್ಲ ಅಂದೆ. ನವಾಬ ಇಲ್ಲದಿದ್ದರೂ ಅರಮನೆ ಇದೆಯಲ್ಲ ಅಂದು ಬರಿಗಾಲಲ್ಲೇ ಒಳಗೆ ಬಂದ. ಕಮಾನುಗಳ ಕೆಳಗೆ ಚಿತ್ರಗಳು ತೂಗುತ್ತಿದ್ದವು. ಉದ್ದಕ್ಕೂ ಕೆಂಪು ಬಳಿದ ಒಂದು ಚಿತ್ರದ ಮುಂದೆ ನಿಂತು, ಬೇರೆ ಬಣ್ಣ ತರುವುದರೊಳಗೆ ಅಂಗಡಿ ಮುಚ್ಚಿತ್ತೇನು ಎಂದು ವಿಚಾರಿಸಿದ. ನಾನು ಅದು ಕ್ರಾಂತಿ ಅಂದೆ. ಮುಂದಿನದು ಪೂರ್ತಿ ನೀಲಿ. ಅದು ಒಂಟಿತನ ಅಂದೆ. ತಂಗಿ ನನ್ನ ಮುಖ ನೋಡಿದಳೇ ಹೊರತು ಚಿತ್ರವನ್ನಲ್ಲ.

ಹಿಂದಿನ ತೋಟಕ್ಕೆ ಬಂದಾಗ ಅಪ್ಪ ಗಕ್ಕನೆ ನಿಂತ. ನಡುವೆ ಒಂದು ಕಟ್ಟೆ. ಕಟ್ಟೆಯ ಮೇಲೆ ಬಿತ್ತನೆಯ ಒಂದು ಕೂರಿಗೆ. ನೆಲಕ್ಕಿಳಿಯಬೇಕಾದ ಅದರ ಹಲ್ಲುಗಳು ಆಕಾಶಕ್ಕೆ ಮುಖ ಮಾಡಿದ್ದವು. ಬೀಜ ಇಳಿಯುವ ಬಿದಿರಿನ ಕೊಳವೆಗಳನ್ನು ಕೆಂಪು ಬಟ್ಟೆಯಿಂದ ಬಿಗಿದಿದ್ದರು. ಕೆಳಗಿನ ಹಲಗೆಯಲ್ಲಿ ‘ಮೌನ’ ಎಂದಿತ್ತು.

ನಮ್ಮ ಮನೆಯಲ್ಲಿ ಬಿತ್ತನೆ ಮುಗಿದ ದಿನ ಕೂರಿಗೆಯನ್ನು ತೊಳೆದು, ವಿಭೂತಿ ಹಚ್ಚಿ, ಸೂರಿನ ಜಂತಿಗೆ ಕಟ್ಟಿಡುತ್ತಾರೆ. ಮುಂದಿನ ಮುಂಗಾರಿನವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಅದು ಹೀಗೆ ಕಾಲು ಮೇಲೆ ಮಾಡಿ ಬಿದ್ದಿರುವುದನ್ನು ಅಪ್ಪ ಕಂಡದ್ದೇ ಇಲ್ಲ.

‘ಇದು ಏನೋ ತಮ್ಮಾ?’

‘ರೈತನ ಹತಾಶೆ, ಅಪ್ಪಾ. ಆಕಾಶಕ್ಕ ಬಿತ್ತಾಕ ಹೊಂಟಾನ.’

‘ಯಾ ಊರಿನ ರೈತ?’

ಪ್ರದರ್ಶನದ ಮಾಹಿತಿ ಪತ್ರ ತರುತ್ತೇನೆಂದು ಬಾಗಿಲ ಕಡೆಗೆ ಹೋದೆ. ಅಲ್ಲಿ ಪರಿಚಯದವರೊಬ್ಬರು ಸಿಕ್ಕರು. ಅವರಿಗೂ ಹತಾಶೆಯನ್ನು ವಿವರಿಸಿದೆ, ಅರ್ಧ ತಾಸು.

ತಿರುಗಿ ಬಂದಾಗ ಕಟ್ಟೆ ಬರಿದಾಗಿತ್ತು. ಹುಲ್ಲಿನ ಮೇಲೆ ಅಪ್ಪ ಕುಕ್ಕರುಗಾಲಲ್ಲಿ ಕುಳಿತು ಹಗ್ಗವನ್ನು ಬಾಯಲ್ಲಿ ಕಚ್ಚಿ ಎಳೆದು ಬಿಗಿಯುತ್ತಿದ್ದ. ಪ್ರದರ್ಶನ ನೋಡಲು ಬಂದಿದ್ದ ಸವಣೂರಿನ ವೀಳ್ಯದೆಲೆ ತೋಟದವರಿಬ್ಬರು ಆಚೀಚೆ ಹಿಡಿದಿದ್ದರು. ಕೂರಿಗೆ ಈಗ ಕೂರಿಗೆಯಾಗಿ ನಿಂತಿತ್ತು, ಎತ್ತು ಹೂಡುವುದೊಂದೇ ಬಾಕಿ. ಬಿಚ್ಚಿದ ಕೆಂಪು ಬಟ್ಟೆಯನ್ನು ತಂಗಿ ನೀಟಾಗಿ ಮಡಚುತ್ತಿದ್ದಳು.

ಆ ಹೊತ್ತಿಗೇ ‘ಮೌನ’ ಮಾಡಿದ ಕಲಾವಿದರು ಬಂದರು, ಜುಬ್ಬಾ, ಗಡ್ಡ. ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದರೆ ಘನತೆ ಎಂದು ಶುರು ಮಾಡಿದೆ. ‘ಸರ್, ಮೈ ಫಾದರ್’ ಎನ್ನುವಲ್ಲಿಗೆ ನನ್ನ ಇಂಗ್ಲಿಷ್ ಮುಗಿಯಿತು. ಅಪ್ಪ ಎದ್ದು ನಿಂತು ಕೈಯ ಮಣ್ಣು ಧೋತರಕ್ಕೆ ಒರೆಸಿಕೊಂಡ.

ತಂಗಿ ಬಟ್ಟೆಯನ್ನು ಅವರ ಕೈಗೆ ಕೊಟ್ಟಳು. ‘ಇದನ್ನ ತಲಿಕೆಳಗ ಯಾಕ ನಿಲ್ಲಿಸಿದ್ರಿ?’

ಅವರು ಕೂರಿಗೆಯನ್ನು ಒಂದು ಸುತ್ತು ಹಾಕಿ ನೋಡಿದರು.

‘ಖರೇ ಹೇಳ್ಬೇಕಂದ್ರ, ಲಾರಿಯಾಗ ತರೂಮುಂದ ಬಿಚ್ಚಿಹೋಗಿತ್ರಿ. ಹೆಂಗ ಜೋಡಸೂದು ನಮಗ್ಯಾರಿಗೂ ಗೊತ್ತಿರ್ಲಿಲ್ಲ. ಹೆಂಗ ನಿಂತ್ರ ಹಂಗ ನಿಲ್ಲಿಸಿದ್ವಿ. ಹೆಸರು ಆಮ್ಯಾಲ ಇಟ್ಟಿದ್ದು.’

ಆಮೇಲೆ ಅವರು ಅಪ್ಪನ ಪಕ್ಕದಲ್ಲೇ ಹುಲ್ಲಿನ ಮೇಲೆ ಕುಳಿತು ಆ ಗಂಟು ಹಾಕುವುದನ್ನು ಕಲಿತರು. ಮೂರು ಸಲ ತಪ್ಪಿದರು. ಅಪ್ಪ ನನಗೆ ಬೈಯುವ ಮಾತುಗಳನ್ನೇ, ಕೊನೆಗೊಂದು ‘ರಿ’ ಸೇರಿಸಿ, ಅವರಿಗೂ ಬೈದ.

ಬಸ್ ನಿಲ್ದಾಣದಲ್ಲಿ ಅಪ್ಪ ನನ್ನ ಕಡೆ ತಿರುಗಿದ.

‘ನೀ ಇಷ್ಟು ವರ್ಷ ಓದಿ ಎಲ್ಲಾ ಹೇಳಾಕ ಕಲ್ತಿ. ಅಕಿ ಓದೂಕಿಂತ ಮೊದಲ ಕೇಳಾಕ ಕಲ್ತಾಳ. ಹೋಗ್ಲಿ ಕಾಲೇಜಿಗೆ. ಅಕಿನ್ನ ಕೆಡಸಬ್ಯಾಡಂತ ಮಾಸ್ತರಿಗೆ ಹೇಳಿ ಬಾ.’

ಸೋಮವಾರ ತಂಗಿಯನ್ನು ಹಾವೇರಿಗೆ ಕರೆದುಕೊಂಡು ಹೋದೆ. ಅರ್ಜಿಯಲ್ಲಿ ಒಂದು ಕಡೆ ಏನು ಬರೆಯಬೇಕೋ ನನಗೂ ತಿಳಿಯಲಿಲ್ಲ. ಆದರೂ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಕಿಟಕಿಯ ಹತ್ತಿರ ಹೋಗಿ ಗುಮಾಸ್ತರನ್ನು ಕೇಳುತ್ತಿದ್ದಳು.